ಒಂದು ತಾರೀಖಿಗಾಗಿ

ಮೆಟ್ಟಿಲು ಇರುವುದು ಮೂರೇ. ಅಂಚು ಸವೆದ, ಕಾವಿ ಬಣ್ಣದ ಮೂರು ಮೆಟ್ಟಿಲು. ಬೈಕಂಪಾಡಿಯ ತಮ್ಮನ ಮನೆಯೆದುರು ಟ್ಯಾಕ್ಸಿ ನಿಂತಿದೆ. ಜನವರಿಯ ಬೆಳಗು, ಆದರೂ ಏಳು ಗಂಟೆಗೇ ಬೆನ್ನು ಬೆವರುತ್ತಿದೆ. ನೀವು ಕಾರಿನ ಬಾಗಿಲು ಹಿಡಿದು ನಿಂತು ಆ ಮೆಟ್ಟಿಲುಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದೀರಿ. ಬಲದ ಮೊಣಗಂಟು ವಿಮಾನದಲ್ಲಿ ಬಾತು ಪ್ಯಾಂಟಿನ ಬಟ್ಟೆಯನ್ನು ಬಿಗಿಯುತ್ತಿದೆ. ಹೆದ್ದಾರಿಯ ಕಡೆಯಿಂದ ಟ್ಯಾಂಕರುಗಳ ಹಾರ್ನು, ಎಣ್ಣೆ ಕಾರ್ಖಾನೆಯ ಕಮಟು, ಅದೆಲ್ಲದರ ಅಡಿಯಲ್ಲಿ ಮೀನಕಳಿಯದ ಕಡಲಿನಿಂದ ಬರುವ ತೆಳುವಾದ ಉಪ್ಪುಗಾಳಿ. ಮನೆಗೆ ಬಂದಿದ್ದೀರಿ. ಆದರೆ ಮನೆ ಇನ್ನೂ ಮೂರು ಮೆಟ್ಟಿಲು ದೂರದಲ್ಲಿದೆ.

"ಅಕ್ಕ, ಕೈ ಕೊಡು."

"ಬೇಡ ಮಾರಾಯ, ಗೋಡೆ ಹಿಡಿದು ಹತ್ತುತ್ತೇನೆ."

ಎಡಗಾಲು ಮೇಲಿಡುತ್ತೀರಿ. ಬಲಗಾಲಿನ ಮೇಲೆ ಮೈಯ ಭಾರ ಬೀಳುವ ಆ ಅರೆಕ್ಷಣಕ್ಕಾಗಿ ಹಲ್ಲು ಕಚ್ಚಿಕೊಳ್ಳುತ್ತೀರಿ. ಬಿದ್ದಿತು. ಒಳಗೆ ತುರಿಮಣೆಗೆ ಒಣಕೊಬ್ಬರಿ ಉಜ್ಜಿದ ಸದ್ದು. ಕಿವಿಗೆ ಕೇಳಿದ್ದಲ್ಲ, ಎಲುಬಿನ ಮೂಲಕ ದವಡೆಯವರೆಗೆ ಏರಿ ಬಂದದ್ದು. ತಮ್ಮ ನಿಮ್ಮ ಮುಖ ನೋಡಿ ಬೇರೆ ಕಡೆ ತಿರುಗುತ್ತಾನೆ. ತಮ್ಮನ ಹೆಂಡತಿ ಒಳಗಿನಿಂದ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ಜಗಲಿಯಲ್ಲೇ ಇಟ್ಟುಬಿಡುತ್ತಾಳೆ. ಹೊಸ್ತಿಲು ದಾಟುವುದು ಆಮೇಲೆ.

ಲೆಸ್ಟರಿನಿಂದ ಲಂಡನ್ನು, ಅಲ್ಲಿಂದ ದುಬೈ, ದುಬೈಯಿಂದ ಇಲ್ಲಿಗೆ. ನಸುಕಿನಲ್ಲಿ ಕೆಂಜಾರಿನ ಗುಡ್ಡದ ನೆತ್ತಿಯ ರನ್‌ವೇಗೆ ಚಕ್ರ ತಾಗಿದಾಗ ವಿಮಾನವಿಡೀ ಉಸಿರು ಬಿಗಿಹಿಡಿದಿತ್ತು. ಇಲ್ಲೇ ವಿಮಾನ ದುರಂತ ನಡೆದ 2010ರ ಮೇ 22ರ ಬೆಳಗನ್ನು ಈ ಊರಿನವರು ಯಾರೂ ಮರೆತಿಲ್ಲ. ಚಕ್ರ ನಿಂತ ಮೇಲೆ ಎಲ್ಲರೂ ಎದ್ದರು. ನಿಮಗೆ ಏಳಲಾಗಲಿಲ್ಲ. ಗಾಲಿಕುರ್ಚಿ ಬರುವವರೆಗೆ ಖಾಲಿ ಸೀಟುಗಳ ನಡುವೆ ಕುಳಿತಿದ್ದಾಗ ಒಂದೇ ಯೋಚನೆ: ಇಲ್ಲಿಯವರೆಗೆ ಬಂದದ್ದು ಸರಿಯೇ?

ನೀವು ನರ್ಸ್. ಮಂಗಳೂರಿನಲ್ಲಿ ಕಲಿತು, ಈ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟನ್ ನಮ್ಮ ದೇಶದಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದಾಗ ಹೋದವರು. ಉದ್ದದ ವಾರ್ಡುಗಳಲ್ಲಿ ನಿಂತೇ ಕಳೆದ ರಾತ್ರಿಗಳು, ಮಗುಚಿ ಮಲಗಿಸಿದ ಭಾರದ ದೇಹಗಳು. ಮೊಣಗಂಟಿನ ಮೃದ್ವಸ್ಥಿ ಅಲ್ಲೇ ಸವೆಯಿತು. ಈಗ ಅದೇ ಎನ್‌ಎಚ್‌ಎಸ್‌ನ, ಅಂದರೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯ, ಕಾಯುವ ಪಟ್ಟಿಯಲ್ಲಿ ನಿಮ್ಮದೂ ಒಂದು ಹೆಸರು. ಆಸ್ಪತ್ರೆಯಲ್ಲಿ ಮಲಗಿದವನ ಮುಂದೆ ಬಿಲ್ಲು ಇಡುವುದಿಲ್ಲವೆಂದು 1948ರಲ್ಲಿ ಆ ದೇಶ ಕೊಟ್ಟ ಮಾತಿನ ಮೇಲೆ ನಿಮಗೆ ಇವತ್ತಿಗೂ ಗೌರವವಿದೆ. ದುಡ್ಡು ಕೊಡಬೇಕಾಗಿಲ್ಲ, ದಿನ ಕೊಡಬೇಕು. ಡಾಕ್ಟರು ಬರೆದುಕೊಟ್ಟ ಮೇಲೆ ನೂರರಲ್ಲಿ 92 ಮಂದಿಗಾದರೂ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ಅಲ್ಲಿನ ಗುರಿ. 2016ರ ನಂತರ ವರ್ಷಗಟ್ಟಲೆ ಅದು ಕೈಗೆಟುಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪಟ್ಟಿ 77 ಲಕ್ಷ ಮುಟ್ಟಿತು, ಅದರಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ಮೂಳೆ ವಿಭಾಗದ್ದು. ಕೆನಡಾದಲ್ಲಿರುವ ಗೆಳತಿಯ ಕಥೆಯೂ ಬೇರೆಯಲ್ಲ. ಅಲ್ಲಿ ಮಂಡಿ ಬದಲಿಸಲು ಇಟ್ಟುಕೊಂಡ ಗಡುವು 26 ವಾರ, ಅದರೊಳಗೆ ಸರದಿ ಬರುವುದು ಹತ್ತರಲ್ಲಿ ಸುಮಾರು ಆರು ಮಂದಿಗೆ.

ಕಾಯುವ ಕಾಲು ಇದ್ದಲ್ಲೇ ಇರುವುದಿಲ್ಲ. ಇದು ನಿಮಗೆ ಗೊತ್ತು, ಪಟ್ಟಿ ಬರೆಯುವವರಿಗೂ ಗೊತ್ತು. ತೊಡೆಯ ಮುಂಭಾಗದ ಸ್ನಾಯು ಕರಗುತ್ತದೆ. ಕಾಲು ಹೊರಕ್ಕೆ ಬಾಗುತ್ತದೆ. ನೋವಿನ ಮಾತ್ರೆ ಹೊಟ್ಟೆ ಸುಡುತ್ತದೆ. ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರ, ಎಚ್ಚರವಾದ ಮೇಲೆ ಲೆಕ್ಕ. ಅಲ್ಲೇ ಖಾಸಗಿಯಾಗಿ ಮಾಡಿಸಿದರೆ ಸುಮಾರು 15 ಸಾವಿರ ಪೌಂಡು. ಮಂಗಳೂರಿನ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದು ಎರಡೂವರೆ ಲಕ್ಷ ರೂಪಾಯಿ, ಮತ್ತು ಒಂದು ತಾರೀಖು. ನೀವು ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದು, ಗೋಡೆಯೆದುರು ಬಹಳ ಹೊತ್ತು ನಿಂತಿದ್ದಿರಿ.

*

ಡಾಕ್ಟರು ಎಕ್ಸರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಎರಡು ಮಂಡಿ, ಪಕ್ಕಪಕ್ಕ. ತೊಡೆಯ ಎಲುಬಿಗೂ ಕಣಕಾಲಿನ ಎಲುಬಿಗೂ ನಡುವೆ ಕಪ್ಪು ಗೆರೆಯೊಂದು ಇರಬೇಕು. ಮೃದ್ವಸ್ಥಿ ಎಕ್ಸರೇಯಲ್ಲಿ ಕಾಣುವುದಿಲ್ಲ, ಅದು ಇರುವ ಜಾಗ ಕಪ್ಪಾಗಿ ಕಾಣುತ್ತದೆ. ಬಲಗಾಲಿನಲ್ಲಿ ಆ ಗೆರೆ ಇಲ್ಲ. ಬಿಳಿಗೆ ಬಿಳಿ ತಾಗಿದೆ. ಎಡಗಾಲಿನಲ್ಲಿ ಕೂದಲೆಳೆಯಷ್ಟು ಉಳಿದಿದೆ.

"ಇದೂ ಹೆಚ್ಚು ದಿನ ಬರುವುದಿಲ್ಲ ಸಿಸ್ಟರ್" ಎಂದು ಅವರು ಎಡಗಾಲಿನ ಮೇಲೆ ಪೆನ್ನಿನ ತುದಿ ಇಡುತ್ತಾರೆ. "ಅಷ್ಟು ದೂರದಿಂದ ಬಂದಿದ್ದೀರಿ. ಎರಡನ್ನೂ ಒಟ್ಟಿಗೆ ಮಾಡಿಸಿಕೊಳ್ಳುತ್ತೀರಾ? ಯೋಚನೆ ಮಾಡಿ ಹೇಳಿ."

ಈ ಪಯಣದಲ್ಲಿ ಅತ್ಯಂತ ಕಷ್ಟದ ಗಳಿಗೆ ಯಾವುದೆಂದು ನನ್ನನ್ನು ಕೇಳಿದರೆ, ಕತ್ತಿ ಗರಗಸಗಳ ಗಳಿಗೆಯನ್ನು ನಾನು ಹೇಳುವುದಿಲ್ಲ. ಇದನ್ನು ಹೇಳುತ್ತೇನೆ. ಫ್ಯಾನಿನ ಗಾಳಿಗೆ ಎಕ್ಸರೇ ಅಲುಗುತ್ತಿದೆ. ಎರಡನ್ನೂ ಮಾಡಿಸಿದರೆ ವಿಮಾನದ ಖರ್ಚು ಒಂದೇ ಸಲ, ರಜೆ ಒಂದೇ ಸಲ, ತಮ್ಮನ ಮನೆಗೆ ತೊಂದರೆ ಒಂದೇ ಸಲ. ಕಿಸೆ ಹೌದು ಎನ್ನುತ್ತಿದೆ. ಆದರೆ ಅರುವತ್ತು ದಾಟಿದ ಹೃದಯ, ಒಂದೇ ದಿನ ಎರಡು ಕಡೆ ರಕ್ತಸ್ರಾವ, ಶ್ವಾಸಕೋಶಕ್ಕೆ ಏರಬಹುದಾದ ಹೆಪ್ಪು. ಊರಿನಲ್ಲೇ ಇದ್ದಿದ್ದರೆ ಯಾರೂ ಇಷ್ಟು ಅವಸರದಲ್ಲಿ ಈ ಲೆಕ್ಕ ಹಾಕಬೇಕಿರಲಿಲ್ಲ. ಕಡಲು ದಾಟಿ ಬಂದವರನ್ನು ಟಿಕೆಟ್ಟಿನ ತಾರೀಖು ಹಿಂದಿನಿಂದ ನೂಕುತ್ತಿರುತ್ತದೆ. ನೀವು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೀರಿ.

"ಬಲಗಾಲು ಮಾತ್ರ, ಡಾಕ್ಟರ್."

ಅವರು ತಲೆಯಾಡಿಸುತ್ತಾರೆ. ಮತ್ತೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ: ನೂರರಲ್ಲಿ ಒಬ್ಬಿಬ್ಬರಿಗೆ ಸೋಂಕು. ಎಲ್ಲ ಸರಿಹೋದರೂ ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ, 2010ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನ ಕಂಡುಕೊಂಡದ್ದೂ ಅದನ್ನೇ. 2019ರ ಲ್ಯಾನ್ಸೆಟ್ ಲೆಕ್ಕದ ಪ್ರಕಾರ ನೂರರಲ್ಲಿ 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಈ ಅಂಕಿಗಳನ್ನು ನೀವು ಎಷ್ಟೋ ಮಂದಿಗೆ ಹಾಸಿಗೆಯ ಪಕ್ಕ ನಿಂತು ಹೇಳಿದವರು. ಮೇಜಿನ ಈಚೆಗೆ ಕುಳಿತು ಕೇಳಿದಾಗ ಆ 'ಒಬ್ಬರು' ನಿಮ್ಮದೇ ಸೀರೆ ಉಟ್ಟು ಎದುರಿಗೆ ಕುಳಿತಿದ್ದಾರೆ.

ಸೋಂಕು ಎಂಬ ಮಾತಿಗೆ ಮೈ ಬಿಗಿಯುತ್ತದೆ. 2010ರ ಆಗಸ್ಟು ನೆನಪಾಗುತ್ತದೆ. ಮದ್ದಿಗೆ ಜಗ್ಗದ ರೋಗಾಣುಗಳ ಹೊಸ ಗುಣವೊಂದಕ್ಕೆ ದೆಹಲಿಯ ಹೆಸರು ಅಂಟಿಕೊಂಡು, ಎನ್‌ಡಿಎಂ-1 ಎಂದು ಲ್ಯಾನ್ಸೆಟ್‌ನ ಸೋಂಕುರೋಗ ಪತ್ರಿಕೆಯಲ್ಲಿ ಬಂತು. ಭಾರತದಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದವರ ಮಾತು ಅದರಲ್ಲಿತ್ತು. ಇಲ್ಲಿನವರು ಸಿಟ್ಟಾದರು. ಹೊರದೇಶದ ಆಸ್ಪತ್ರೆಯಲ್ಲಿದ್ದು ಬಂದವರನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಹತ್ತಿಕಡ್ಡಿ ಹಾಕಿ ಮಾದರಿ ತೆಗೆದ ಕೈಗಳಲ್ಲಿ ನಿಮ್ಮವೂ ಸೇರಿವೆ. ನಾಳೆ ಆ ಕೋಣೆಯಲ್ಲಿ ನೀವು ಮಲಗಬಹುದು. ಗಾಯ ಕೆಟ್ಟು ಜ್ವರ ಬಂದರೆ ಲೆಸ್ಟರಿನವರು ಕೈಬಿಡುವುದಿಲ್ಲ, ತುರ್ತಿಗೆ ಖಂಡಿತ ನೋಡುತ್ತಾರೆ. ಆದರೆ ನಿಧಾನಕ್ಕೆ ಸಡಿಲವಾದ ಮಂಡಿಯನ್ನು ಮತ್ತೆ ಕೂರಿಸಬೇಕಾದರೆ? ಮತ್ತೆ ಅದೇ ಸಾಲು, ಅದೇ ಬಾಲ.

ಹೀಗೆ ಗಡಿ ದಾಟಿದವರಲ್ಲಿ ನೀವು ಮೊದಲಿಗರಲ್ಲ. 2003ರಲ್ಲಿ ಬೆಡ್‌ಫರ್ಡ್‌ನ ಮಹಿಳೆಯೊಬ್ಬರು ಸೊಂಟದ ಕೀಲಿಗಾಗಿ ಕಾಯಲಾರದೆ ಫ್ರಾನ್ಸಿಗೆ ಹೋಗಿ ಮಾಡಿಸಿಕೊಂಡು ಬಂದು, ಖರ್ಚು ಕೊಡಿ ಎಂದು ಸರಕಾರವನ್ನು ಕೇಳಿದರು. ವಾಟ್ಸ್ ಪ್ರಕರಣ ಎಂದು ಹೆಸರಾದ ಅದರಲ್ಲಿ 2006ರ ಮೇ ತಿಂಗಳಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ರೋಗಿಯ ಸ್ಥಿತಿಗೆ ಹೊಂದದಷ್ಟು ಕಾಯಿಸಿದರೆ ಹೊರಗೆ ಮಾಡಿಸಿದ ಖರ್ಚನ್ನು ಕೊಡಬೇಕಾಗುತ್ತದೆ. ಆ ಬಾಗಿಲು ಯುರೋಪಿನೊಳಗಿನದು. ಮಂಗಳೂರಿನ ಕಡೆಗೆ ಅದು ತೆರೆಯುವುದಿಲ್ಲ. ನಿಮ್ಮ ಎರಡೂವರೆ ಲಕ್ಷ ನಿಮ್ಮದೇ.

ಸಹಿ ಹಾಕುತ್ತೀರಿ.

*

"ಹೆಸರು ಹೇಳಿ ಅಮ್ಮ. ಯಾವ ಕಾಲು?"

ಥಿಯೇಟರಿನ ತಂಪು ಮೊದಲು ಕಿವಿಯ ತುದಿಗೆ ತಾಗುತ್ತದೆ. ರಾತ್ರಿಯಿಂದ ನೀರೂ ಇಲ್ಲದ ನಾಲಿಗೆ ಅಂಗುಳಕ್ಕೆ ಅಂಟಿದೆ. ಬಲತೊಡೆಯ ಮೇಲೆ ಕಪ್ಪು ಮಾರ್ಕರಿನ ಬಾಣ. ಈ ಪ್ರಶ್ನೆಯನ್ನು ಎಲ್ಲ ಕಡೆ ಜೋರಾಗಿ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪಟ್ಟಿ ಮಾಡಿಕೊಟ್ಟಿತು, ನೀವೂ ಸಾವಿರ ಸಲ ಕೇಳಿದ್ದೀರಿ. ಉತ್ತರ ಹೇಳುವ ಸರದಿ ಬಂದಾಗ ನಿಮ್ಮ ದನಿ ನಡುಗುತ್ತದೆ.

"ಬಲಗಾಲು."

"ದಿಂಬು ಅಪ್ಪಿಕೊಳ್ಳಿ. ಗಲ್ಲ ಎದೆಗೆ ತಾಗಲಿ. ಬೆನ್ನು ಬಗ್ಗಿಸಿ, ಇನ್ನೂ ಸ್ವಲ್ಪ, ಹಾಂ, ಅಲುಗಬೇಡಿ."

ಬೆನ್ನಿನ ಮೇಲೆ ಬೆಟಾಡಿನ್ನು ತಣ್ಣಗೆ ಇಳಿಯುತ್ತದೆ. ಮಲಯಾಳದ ರಾಗ ಬೆರೆತ ಕನ್ನಡದಲ್ಲಿ ಮಾತಾಡುವ ಹುಡುಗಿಯೊಬ್ಬಳು ನಿಮ್ಮ ಎರಡೂ ಹೆಗಲು ಹಿಡಿದು ಎದುರಿಗೆ ನಿಂತಿದ್ದಾಳೆ. ಅವಳ ಮಾಸ್ಕಿನೊಳಗಿನ ಉಸಿರು ನಿಮ್ಮ ಹಣೆಗೆ ತಾಗುತ್ತಿದೆ. ಚುರುಕು. ಮತ್ತೆ ಒಳಗೆಲ್ಲೋ ಆಳದಲ್ಲಿ ಒತ್ತಿದ ಹಾಗೆ. ನಿಮಗೆ ಗೊತ್ತು, ಈಗ ಸೂಜಿ ಬೆನ್ನುಹುರಿಯ ನೀರಿನ ಚೀಲ ಮುಟ್ಟಿದೆ. ಅಲುಗಬಾರದು. ಉಸಿರಾಡಬಹುದೇ? ಉಸಿರಾಡಿ. ಕುಂಡೆಯಲ್ಲಿ ಬಿಸಿ ಹರಡುತ್ತದೆ, ತೊಡೆಗಿಳಿಯುತ್ತದೆ, ಪಾದಕ್ಕಿಳಿಯುತ್ತದೆ. ಹೆಬ್ಬೆರಳು ಅಲುಗಿಸಲು ಹೇಳುತ್ತಾರೆ. ಅಲುಗಿಸುತ್ತೀರಿ, ಅದು ಅಲುಗುವುದಿಲ್ಲ. ಯಾವ ಕಾಲು ಇಷ್ಟು ವರ್ಷ ನಿಮ್ಮನ್ನು ಒಂದು ನಿಮಿಷವೂ ಮರೆಯಲು ಬಿಡಲಿಲ್ಲವೋ, ಆ ಕಾಲು ಇಲ್ಲವಾಗಿದೆ. ಕಣ್ಣು ತುಂಬಿ ಬರುತ್ತದೆ. ಹುಡುಗಿ ಹೆದರಿಕೆ ಎಂದುಕೊಂಡು ಕೆನ್ನೆ ಒರೆಸುತ್ತಾಳೆ.

ಹಸಿರು ಬಟ್ಟೆಯ ಪರದೆ ಏಳುತ್ತದೆ. ಅದರ ಆಚೆಗೆ ನಡೆಯುವುದೆಲ್ಲ ಇನ್ನು ಸದ್ದು ಮತ್ತು ವಾಸನೆ. ಸುಟ್ಟ ಚರ್ಮದ ಕಟು ವಾಸನೆ: ರಕ್ತನಾಳ ಮುಚ್ಚುತ್ತಿದ್ದಾರೆ. ಲೋಹದ ತಟ್ಟೆಗೆ ಲೋಹ ಬೀಳುವ ಸದ್ದು: ಅಳತೆಯ ಅಚ್ಚು ಕೂರಿಸುತ್ತಿದ್ದಾರೆ. ಆಮೇಲೆ ಗರಗಸ. ತೊಡೆಯೆಲುಬಿನ ತುದಿಯಿಂದ ತೆಗೆಯುವುದು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ, ಅದರಾಚೆ ಒಂದು ಮಿಲಿಮೀಟರೂ ಬೇಡ. ನೋವಿಲ್ಲ. ಆದರೆ ಮೈ ಅಲುಗುತ್ತಿದೆ, ಹಲ್ಲು ಕಂಪಿಸುತ್ತಿವೆ. ಸುತ್ತಿಗೆ. ಇನ್ನೊಂದು ಏಟು. ನಿದ್ದೆಯ ಮದ್ದು ಸ್ವಲ್ಪ ಕೊಡಲೇ ಎಂದು ಅರಿವಳಿಕೆಯ ಡಾಕ್ಟರು ಬಗ್ಗಿ ಕೇಳುತ್ತಾರೆ. ಬೇಡ ಎನ್ನುತ್ತೀರಿ. ಇಷ್ಟು ದೂರ ಬಂದದ್ದನ್ನು ಕೇಳಿಸಿಕೊಳ್ಳಬೇಕೆಂಬ ಹಟ ನಿಮ್ಮದು.

"ಸಿಮೆಂಟ್."

ಉಗುರಿನ ಬಣ್ಣ ತೆಗೆಯುವ ದ್ರವದ ತರಹದ ತೀಕ್ಷ್ಣ ವಾಸನೆ ಮೂಗಿಗೆ ಬಡಿಯುತ್ತದೆ. ಪುಡಿ ಮತ್ತು ದ್ರವ ಕಲಸುತ್ತಿದ್ದಾರೆ. ಇನ್ನು ಕೆಲವೇ ನಿಮಿಷ, ಅಷ್ಟರಲ್ಲಿ ಅದು ಬಿಸಿಯಾಗಿ ಕಲ್ಲಾಗುತ್ತದೆ. ಎಲುಬಿನಲ್ಲಿ ಕೃತಕ ಕೀಲನ್ನು ಕಚ್ಚಿ ಹಿಡಿಸಲು ಈ ಅಕ್ರಿಲಿಕ್ ಸಿಮೆಂಟನ್ನು ರೂಢಿಗೆ ತಂದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಲ್ಯಾಂಕಾಶೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರಿಂದ ಕಲಿಯಲು ಬಂದ ಕೆನಡಾದ ಫ್ರ್ಯಾಂಕ್ ಗನ್‌ಸ್ಟನ್ 1968ರಲ್ಲಿ ಅದೇ ಸಿಮೆಂಟಿನಿಂದ ಮಂಡಿಗೆ ಹೊಸ ಕೀಲು ಕೂರಿಸಿದರು. ನೀವು ಬಿಟ್ಟು ಬಂದ ಸಾಲಿನ ದೇಶ ಒಂದು, ನಿಮ್ಮ ಗೆಳತಿಯ ಸಾಲಿನ ದೇಶ ಇನ್ನೊಂದು. ಆ ಇಬ್ಬರೂ ಸೇರಿ ಕಂಡುಕೊಂಡ ಕೆಲಸ ಈಗ ಅರಬಿ ಕಡಲಿನ ದಡದಲ್ಲಿ ನಿಮ್ಮ ಎಲುಬಿನಲ್ಲಿ ಗಟ್ಟಿಯಾಗುತ್ತಿದೆ. ಇದನ್ನು ನೆನೆದಾಗ ನನಗೆ ಯಾವ ದೇಶದ ಮೇಲೂ ಸಿಟ್ಟು ಬರುವುದಿಲ್ಲ. ಕೈಗಳಿಗೆ ಬರುವ ವಿದ್ಯೆ ಕಾಲುಗಳವರೆಗೆ ತಲುಪಲು ಇಷ್ಟು ಸುತ್ತಬೇಕಾಯಿತಲ್ಲ ಎಂಬ ಸಂಕಟ ಮಾತ್ರ.

ತೊಡೆಯ ಪಟ್ಟಿ ಸಡಿಲಿಸುತ್ತಾರೆ. ರಕ್ತ ಕಾಲಿಗೆ ನುಗ್ಗುತ್ತದೆ. ಆಗಲೇ ತಲೆಯ ಹಿಂದಿನ ಯಂತ್ರದ ರಾಗ ಬದಲಾಗುತ್ತದೆ. ಕೋಣೆ ದೂರ ಸರಿಯುತ್ತದೆ. ಬಾಯಲ್ಲಿ ಹುಳಿ. ಬೆವರು. "ಬಿಪಿ ಎಪ್ಪತ್ತು" ಎನ್ನುತ್ತಾರೆ ಯಾರೋ. ನಿಮಗೆ ಗೊತ್ತು. ಇದು ಆಗುತ್ತದೆ. ಇದಕ್ಕೆ ಮದ್ದು ಇದೆ. ಮದ್ದು ಎಲ್ಲಿದೆ? ಕಿವಿಯಲ್ಲಿ ಮೊರೆತ. ಮಗಳ ಮುಖ. ವಾಂತಿ. ಹುಡುಗಿ ನಿಮ್ಮ ತಲೆ ಪಕ್ಕಕ್ಕೆ ಹೊರಳಿಸುತ್ತಾಳೆ. ಕೈಯ ನಾಳದಲ್ಲಿ ತಣ್ಣನೆಯ ಎಳೆ ಏರುತ್ತದೆ. ಎಣಿಸುತ್ತೀರಿ. ಹತ್ತು. ಹನ್ನೊಂದು. ಯಂತ್ರದ ರಾಗ ಹಿಂದಿನದಕ್ಕೆ ಮರಳುತ್ತದೆ.

"ಆಯ್ತು ಸಿಸ್ಟರ್. ನೂರಾಹತ್ತು. ಹೊಲಿಗೆ ಹಾಕುತ್ತಿದ್ದಾರೆ."

*

ನೋವು ಬರುವುದು ನಡುರಾತ್ರಿಯ ನಂತರ, ಮರಗಟ್ಟಿಸಿದ ನರಗಳು ಒಂದೊಂದಾಗಿ ಎಚ್ಚರವಾದಾಗ. ಇದು ಹಳೆಯ ನೋವಲ್ಲ. ಹಳೆಯದು ಮಂದ, ಗೊಣಗುವ ಜಾತಿಯದು. ಇದು ಹೊಸದು, ಬಿಸಿ, ಬಾಯಿ ಬಿಟ್ಟು ಕೂಗುವಂಥದು. ಹತ್ತರಲ್ಲಿ ಎಷ್ಟು ಎಂದು ಕೇಳುತ್ತಾರೆ. ಒಂಬತ್ತು ಎನ್ನಲು ನಾಚಿಕೆಯಾಗಿ ಏಳು ಎನ್ನುತ್ತೀರಿ. ರೋಗಿಗಳು ಹೀಗೇ ಸುಳ್ಳು ಹೇಳುತ್ತಾರೆಂದು ನಿಮಗೆ ಗೊತ್ತಿತ್ತು, ಯಾಕೆಂದು ಇವತ್ತು ಗೊತ್ತಾಯಿತು. ಹುಡುಗಿ ನಿಮ್ಮ ಕಣ್ಣು ನೋಡಿ ಒಂಬತ್ತರ ಮದ್ದನ್ನೇ ಕೊಡುತ್ತಾಳೆ.

ಬೆಳಿಗ್ಗೆ ಫಿಸಿಯೋಥೆರಪಿಯ ಹುಡುಗ ವಾಕರು ತಂದು ಮಂಚದ ಪಕ್ಕ ಇಡುತ್ತಾನೆ. "ಏಳುವಾ ಆಂಟಿ." ಅವನ ದನಿಯಲ್ಲಿ ಕರುಣೆ ಇಲ್ಲ, ಇರಬಾರದು. ಪಾದ ನೆಲಕ್ಕೆ ತಾಗುತ್ತದೆ. ಕಾಲು ಊದಿಕೊಂಡು ಯಾರದ್ದೋ ಎನಿಸುತ್ತಿದೆ. ಭಾರ ಹಾಕಬೇಕು. ವರ್ಷಗಳಿಂದ ಮೈ ಕಲಿತ ಪಾಠವೆಂದರೆ ಈ ಕಾಲಿನ ಮೇಲೆ ಭಾರ ಹಾಕಬಾರದೆಂಬುದೇ. ಹಾಕುತ್ತೀರಿ. ಗಾಯ ಉರಿಯುತ್ತದೆ, ಸ್ನಾಯು ಕಿತ್ತು ಬರುತ್ತದೆ, ತೊಡೆ ನಡುಗುತ್ತದೆ. ಆದರೆ ಆ ಉಜ್ಜುವ ಸದ್ದು ಇಲ್ಲ. ಇನ್ನೊಮ್ಮೆ ಹಾಕಿ ನೋಡುತ್ತೀರಿ. ಇಲ್ಲ. ಎಲುಬಿನೊಳಗೆ ಮೌನ. ವಾಕರಿನ ಹಿಡಿಯನ್ನು ಹಿಡಿದ ಬೆರಳುಗಳು ಬೆಳ್ಳಗಾಗಿವೆ, ನೀವು ನಗುತ್ತಿದ್ದೀರಿ.

ಬಿಡುಗಡೆಯ ದಿನ ಫೈಲಿನ ಹಾಳೆಯ ಮೇಲೆ ಸಣ್ಣ ಸ್ಟಿಕ್ಕರುಗಳು: ಯಾವ ಕಂಪೆನಿ, ಯಾವ ಅಳತೆ, ಯಾವ ಬ್ಯಾಚು. ಅವುಗಳ ಪ್ರತಿಯನ್ನು ಪಾಸ್‌ಪೋರ್ಟಿನೊಳಗೆ ಇಡುತ್ತೀರಿ. ಮುಂದೊಂದು ದಿನ ಯಾವ ಊರಿನ ಡಾಕ್ಟರು ಈ ಕಾಲನ್ನು ತೆರೆದರೂ ಮೊದಲು ಕೇಳುವುದು ಇದನ್ನೇ. ಬಿಲ್ಲಿನಲ್ಲಿ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಸಾಲಿನ ಮೇಲೆ ತಮ್ಮ ಬೆರಳಿಡುತ್ತಾನೆ. 2017ರ ಆಗಸ್ಟಿನವರೆಗೆ ಇದಕ್ಕೆ ಸರಾಸರಿ 1,58,324 ರೂಪಾಯಿ ಇತ್ತು, ಆ ತಿಂಗಳು ಕೇಂದ್ರದ ಬೆಲೆ ಪ್ರಾಧಿಕಾರ 54,720 ರೂಪಾಯಿಯ ಮಿತಿ ಹಾಕಿತು, ತೆರಿಗೆ ಬೇರೆ. ಒಂದು ಸರಕಾರಿ ಆದೇಶ ಎಷ್ಟು ಮಂದಿಯನ್ನು ಎಬ್ಬಿಸಿ ನಿಲ್ಲಿಸಬಲ್ಲುದೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮನೆಯ ಮೆಟ್ಟಿಲಿಗೆ ಹೊಸ ಪಾಠ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ನಿನ ಕಾಲು ಮೊದಲು. ಬಚ್ಚಲಿನಲ್ಲಿ ಎತ್ತರದ ಕಮೋಡು, ಊಟಕ್ಕೆ ಮಣೆಯ ಬದಲು ಮೇಜು. ತಮ್ಮನ ಹೆಂಡತಿ ಕುಚ್ಚಿಲಕ್ಕಿ ಗಂಜಿಗೆ ಉಪ್ಪಿನಕಾಯಿ ಹಾಕಿ ತಂದಿಡುತ್ತಾಳೆ. ದಿನಕ್ಕೆರಡು ಸಲ ಮಂಚದ ಮೇಲೆ ಹಿಮ್ಮಡಿ ಜಾರಿಸಿ ಮಂಡಿ ಮಡಚುವ ಕೆಲಸ. ತೊಂಬತ್ತು ಡಿಗ್ರಿ ದಾಟದಿದ್ದರೆ ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಕಾಲು ಹಾಗೇ ನಿಂತುಬಿಡುತ್ತದೆ. ಹಲ್ಲಿನ ನಡುವೆ ಬೈರಾಸು ಕಚ್ಚಿ ಮಡಚುತ್ತೀರಿ. ಕಿಟಕಿಯಾಚೆ ಲಾರಿಗಳು ಬಂದರಿನ ಕಡೆ ಹೋಗುತ್ತಲೇ ಇರುತ್ತವೆ. 1970ರ ದಶಕದಲ್ಲಿ ಆ ಬಂದರು ಎದ್ದಾಗ ಇಲ್ಲಿನ ಎಷ್ಟೋ ಮನೆಗಳು ಕಾಟಿಪಳ್ಳ, ಕೃಷ್ಣಾಪುರದ ಕಡೆ ಎದ್ದುಹೋದವು. ಉಳಿದವರು ಈ ಸದ್ದಿನೊಳಗೇ ನಿದ್ದೆ ಮಾಡುವುದನ್ನು ಕಲಿತರು.

*

ಒಂದು ರಾತ್ರಿ ಮೀನಖಂಡ ಬಿಗಿಯುತ್ತದೆ. ಮುಟ್ಟಿದರೆ ಬಿಸಿ. ಒತ್ತಿದರೆ ನೋವು. ಎಡಗಾಲಿಗೆ ಹೋಲಿಸಿ ನೋಡುತ್ತೀರಿ. ದಪ್ಪ. ನಿಜವಾಗಿ ದಪ್ಪವೇ, ಹೆದರಿಕೆಗೆ ಕಾಣುತ್ತಿದೆಯೇ? ನೀವು ಮೇಲೆ ಬಟ್ಟೆ ಎಳೆದು ಮುಚ್ಚಿದ ಮುಖಗಳು ನೆನಪಾಗುತ್ತವೆ. ಚೆನ್ನಾಗಿಯೇ ಇದ್ದರು. ನಾಳೆ ಮನೆಗೆ ಎನ್ನುತ್ತಿದ್ದರು. ಕಾಲಿನ ಹೆಪ್ಪು ಕಳಚಿ ಎದೆಗೆ ಏರಿತು.

"ತಮ್ಮಾ!"

ಕಾರು. ಹೆದ್ದಾರಿ. ಪಣಂಬೂರು ದಾಟಿದ ಮೇಲೆ ಲಾರಿಗಳ ಸಾಲು. ಕೂಳೂರು ಸೇತುವೆಯ ಮೇಲೆ ಎಲ್ಲ ನಿಂತಿದೆ. ಕೆಳಗೆ ಫಲ್ಗುಣಿ ಕಪ್ಪಾಗಿ ಹರಿಯುತ್ತಿದೆ. ಡೀಸೆಲ್ಲಿನ ಹೊಗೆ. ಉಸಿರು ಎಣಿಸುತ್ತೀರಿ. ಎದೆ ನೋಯುತ್ತಿದೆಯೇ? ಇಲ್ಲ. ಹೌದೇ? ಇಲ್ಲ. ತಮ್ಮ ಹಾರ್ನಿನಿಂದ ಕೈ ತೆಗೆಯುತ್ತಿಲ್ಲ. ಲೆಸ್ಟರಿನಲ್ಲಿದ್ದರೆ ಆಂಬುಲೆನ್ಸು. ಲೆಸ್ಟರಿನಲ್ಲಿದ್ದರೆ ಈ ಆಪರೇಶನ್ನೇ ಇಲ್ಲ. ಲಾರಿ ಒಂದಡಿ ಮುಂದೆ. ಇನ್ನೊಂದಡಿ.

ಡಾಪ್ಲರಿನ ತಣ್ಣನೆಯ ಜೆಲ್ಲು. ಕತ್ತಲ ಕೋಣೆ. ತೊಡೆಸಂದಿಯಿಂದ ಕೆಳಗೆ, ಅಂಗುಲ ಅಂಗುಲವಾಗಿ ನಾಳವನ್ನು ಒತ್ತಿ ನೋಡುತ್ತಾರೆ. ಒತ್ತಿದಾಗ ಮುಚ್ಚಿಕೊಂಡರೆ ನಾಳ ಖಾಲಿ, ಮುಚ್ಚದಿದ್ದರೆ ಅಲ್ಲಿ ಹೆಪ್ಪು ಕುಳಿತಿದೆ. ನೀವು ಪರದೆ ನೋಡುತ್ತೀರಿ. ಮುಚ್ಚಿತು. ಮುಚ್ಚಿತು. ಮಂಡಿಯ ಹಿಂದೆ, ಇಲ್ಲೇ ಹೆಚ್ಚು ಭಯ. ಮುಚ್ಚಿತು.

"ಬಾವು ಅಷ್ಟೇ ಅಮ್ಮ. ಹೆಪ್ಪಿಲ್ಲ."

ಈ ಒಂದು ವಾಕ್ಯ ಕೇಳಿದರೂ ಹೆದರಿಕೆ ಇಳಿಯದೆ ವಿಮಾನದ ಟಿಕೆಟ್ಟು ಮುಂದಕ್ಕೆ ಹೋಗುತ್ತದೆ. ಆಪರೇಶನ್ನಿನ ನಂತರ ದೂರದ ಹಾರಾಟಕ್ಕೆ ಆರು ವಾರದಿಂದ ಮೂರು ತಿಂಗಳು ತಡೆಯಿರಿ ಎಂಬುದು ರೂಢಿಯ ಸಲಹೆ. ನೀವು ಆರು ವಾರ ಎಂದು ಲೆಕ್ಕ ಹಾಕಿ ಬಂದಿದ್ದಿರಿ, ಈಗ ಮೂರು ತಿಂಗಳೇ ಇರಲಿ ಎನ್ನುತ್ತೀರಿ. ಸಂಬಳವಿಲ್ಲದ ರಜೆ ಬೆಳೆಯುತ್ತದೆ. ಮಗಳು ಫೋನಿನಲ್ಲಿ "ಸರಿ ಅಮ್ಮ" ಎನ್ನುವ ಮೊದಲು ಒಂದು ಕ್ಷಣ ಸುಮ್ಮನಿರುತ್ತಾಳೆ.

ಮಾರ್ಚಿನಲ್ಲಿ ಲೆಸ್ಟರಿನಿಂದ ಕರೆ ಬರುತ್ತದೆ. ಆಸ್ಪತ್ರೆಯ ಪಟ್ಟಿ ನೋಡಿಕೊಳ್ಳುವ ಹೆಂಗಸು. ಬಹಳ ಸೌಜನ್ಯದ ದನಿ. ಮೇ ತಿಂಗಳಲ್ಲಿ ಒಂದು ತಾರೀಖು ಇದೆ, ಬಲ ಮಂಡಿ, ಬರಲು ಆಗುತ್ತದೆಯೇ?

ಜಗಲಿಯ ಕಂಬ ಹಿಡಿದುಕೊಳ್ಳುತ್ತೀರಿ. ಮೇ. ಇನ್ನು ನಾಲ್ಕು ತಿಂಗಳು ತಡೆದುಕೊಂಡಿದ್ದರೆ? ಎರಡೂವರೆ ಲಕ್ಷ, ಸೇತುವೆಯ ಮೇಲಿನ ಆ ರಾತ್ರಿ, ತಮ್ಮನ ಬೆವರಿದ ಕುತ್ತಿಗೆ. ಆದರೆ ಜನವರಿಯಲ್ಲಿ ನಿಮ್ಮ ಹತ್ತಿರ ಈ ಮೇ ಇರಲಿಲ್ಲ. ತಾರೀಖಿಲ್ಲದ ಕಾಯುವಿಕೆ ಮಾತ್ರ ಇತ್ತು. ಮುಂದೆ ಇದೆ ಎಂದು ಗೊತ್ತಿರುವ ದಿನಕ್ಕಾಗಿ ಮನುಷ್ಯ ಎಷ್ಟು ನೋವನ್ನಾದರೂ ತಡೆದುಕೊಳ್ಳುತ್ತಾನೆ. ಹೇಳದೆ ಕಾಯಿಸುವುದೇ ಅಲ್ಲಿನ ದೊಡ್ಡ ಕ್ರೌರ್ಯ, ಅದನ್ನು ನಾನು ಮೆತ್ತಗೆ ಹೇಳಲಾರೆ. ಆಗಿದೆ, ಬೇರೆ ಕಡೆ ಮಾಡಿಸಿದೆ ಎಂದು ಹೇಳುತ್ತೀರಿ. ಎಡಗಾಲಿಗೆ ಆ ಜಾಗ ಸಿಗಬಹುದೇ ಎಂದು ಕೇಳುತ್ತೀರಿ. ಇಲ್ಲ, ಅದಕ್ಕೆ ಡಾಕ್ಟರು ಹೊಸದಾಗಿ ಬರೆಯಬೇಕು, ಹೊಸ ಸಾಲು. ನಿಮ್ಮ ಹೆಸರು ತೆಗೆಯಲೇ? ತೆಗೆಯಿರಿ.

"ಎಂಚ ಉಲ್ಲರ್ ಅಕ್ಕ? ಹೇಗಿದ್ದೀರಿ?"

ಗೇಟಿನ ಬಳಿ ಮೀನಿನ ಬುಟ್ಟಿ ಇಳಿದಿದೆ. ಬಂಗುಡೆಯ ಮೇಲೆ ಕರಗುವ ಮಂಜುಗಡ್ಡೆ, ಸುತ್ತ ನೊಣ. ಚಿಕ್ಕಂದಿನಿಂದ ಕಂಡ ಹೆಂಗಸು, ನಿಮಗಿಂತ ನಾಲ್ಕೈದು ವರ್ಷ ಸಣ್ಣವಳು. ಮೂರು ಮೆಟ್ಟಿಲನ್ನು ಅವಳು ಒಂದೊಂದೇ ಕಾಲು ಎಳೆದು ಹತ್ತುವಾಗ ನಿಮಗೆ ಎಕ್ಸರೇ ಬೇಕಾಗುವುದಿಲ್ಲ. ಎರಡೂ ಕಾಲು ಹೊರಬಾಗಿವೆ. ಅವಳ ಕಾಲಿಗೆ ಯಾವ ದೇಶದ ಪಟ್ಟಿಯಲ್ಲೂ ಹೆಸರಿಲ್ಲ.

"ತೋರಿಸಿ ನೋಡುವಾ" ಎಂದು ಪಕ್ಕ ಕೂರುತ್ತಾಳೆ. ಸೀರೆ ಮೊಣಗಂಟಿನವರೆಗೆ ಎತ್ತುತ್ತೀರಿ. ಉದ್ದದ ಗಾಯದ ಗೆರೆಯ ಮೇಲೆ ಅವಳು ಒದ್ದೆ ಬೆರಳನ್ನು ಸೆರಗಿಗೆ ಒರೆಸಿ ಇಡುತ್ತಾಳೆ. ಮಡಚಲು ಹೇಳುತ್ತಾಳೆ, ಮಡಚುತ್ತೀರಿ. ಎಷ್ಟಾಯಿತೆಂದು ಕೇಳುತ್ತಾಳೆ. ಪೌಂಡಿನ ಲೆಕ್ಕದಲ್ಲಿ ಸಣ್ಣದಾಗಿ ಕಂಡಿದ್ದ ಮೊತ್ತ ನಿಮ್ಮ ಗಂಟಲಲ್ಲಿ ನಿಂತುಬಿಡುತ್ತದೆ. ಕಡೆಗೆ ಹೇಳುತ್ತೀರಿ. ಅವಳು ಮಾತಾಡುವುದಿಲ್ಲ. ಬುಟ್ಟಿಯ ಕಡೆ ನೋಡುತ್ತಾ ಬೆರಳು ಮಡಚುತ್ತಿದ್ದಾಳೆ.

"ದುಡ್ಡಿಗೆ ಕಾರ್ಡು ಉಂಟು, ಅದರಲ್ಲಿ ಆಗ್ತದಾ ಅಂತ ಕೇಳಬೇಕು. ದಿನದ್ದೇ ತೊಂದರೆ. ಜೂನ್ ಒಂದರಿಂದ ಬೋಟು ನಿಲ್ಲಿಸ್ತಾರಲ್ಲ, ಜುಲಾಯಿ ಮುಗಿಯುವವರೆಗೆ. ಆ 61 ದಿವಸ ಹೇಗೂ ಮೀನು ಕಮ್ಮಿ. ಆಗ ಮಾಡಿಸಿದರೆ ಚೌತಿಗೆ ನಡೀಬಹುದಾ?"

"ನಡೀಬಹುದು" ಎನ್ನುತ್ತೀರಿ. ನಿಮ್ಮೊಳಗಿನ ನರ್ಸು ಅಷ್ಟಕ್ಕೇ ನಿಲ್ಲಲು ಬಿಡುವುದಿಲ್ಲ. "ಆದರೆ ತಲೆಯಲ್ಲಿ ಬುಟ್ಟಿ ಬೇಡ. ಮಣೆ ಮೇಲೆ ಕೂತು ಕೊಯ್ಯಲಿಕ್ಕೆ ಆಗುವುದಿಲ್ಲ. ಕುರ್ಚಿ ಬೇಕು, ಎದುರಿಗೆ ಮೇಜು ಬೇಕು. ಮೊದಲಿನ ಒಂದು ತಿಂಗಳು ಮನೆಯಲ್ಲಿ ಜನ ಬೇಕು. ನೋವು ಉಂಟು, ಸುಳ್ಳು ಹೇಳುವುದಿಲ್ಲ."

"ಮೇಜು ಮಗ ಮಾಡಿಕೊಟ್ಟಾನು."

"ಮೊದಲು ಎಕ್ಸರೇ ಆಗಬೇಕು. ಸೋಮವಾರ ನನಗೆ ಡಾಕ್ಟರ ಹತ್ತಿರ ಹೋಗಲಿಕ್ಕುಂಟು, ಒಂಬತ್ತು ಗಂಟೆಗೆ. ಕಾರಿನಲ್ಲಿ ನೀನೂ ಬಾ."

"ಒಂಬತ್ತಕ್ಕೆ ಆಗುವುದಿಲ್ಲ ಅಕ್ಕ. ಹನ್ನೊಂದರವರೆಗೆ ಮೀನು ಮುಗಿಯುವುದಿಲ್ಲ."

ನೀವು ಫೋನು ಎತ್ತಿಕೊಂಡು ಆಸ್ಪತ್ರೆಯ ನಂಬರು ಒತ್ತುತ್ತೀರಿ. ನಿಮ್ಮ ಒಂಬತ್ತು ಗಂಟೆಯನ್ನು ಹನ್ನೊಂದೂವರೆಗೆ ಹಾಕಿಸಿಕೊಂಡು, ಇನ್ನೊಂದು ಹೆಸರು ಬರೆದುಕೊಳ್ಳಲು ಹೇಳುತ್ತೀರಿ.